ಕೊಲೆ ಕೇಸಿನಲ್ಲಿ ಚಿಕ್ಕಮ್ಮ ಸಾಕ್ಷಿ. ಕೋರ್ಟ್ ಅಂದರೆ ನಡುಗುತ್ತಾರೆ. ನಾವು ಏನು ಕೇಳಬಹುದು?

ಕಿತ್ತಳೆಸಿಪ್ಪೆ:

ಎಲ್ಲರಿಗೂ ನಮಸ್ಕಾರ. ಊರಿನ ಹೆಸರು ಹಾಕುತ್ತಿಲ್ಲ. ಕೊಡಗಿನಲ್ಲಿ ಊರು ಹೇಳಿದರೆ ಸಾಕು, ಯಾವ ಮನೆಯವರು ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ನಾಪೋಕ್ಲು ಕಡೆ ಅಂದುಕೊಳ್ಳಿ.

ಬೇಲಿ ಜಗಳ. ನಮ್ಮ ಚಿಕ್ಕಪ್ಪನಿಗೆ ಪಕ್ಕದ ತೋಟದವನು ಕೋವಿಯಿಂದ ಗುಂಡು ಹೊಡೆದ. ಆತ ದೂರದ ಸಂಬಂಧಿಯೂ ಹೌದು. ಕಾಫಿ ಕಣದಲ್ಲಿ ನಡೆದದ್ದು, ಚಿಕ್ಕಮ್ಮ ಅಲ್ಲೇ ಇದ್ದರು. ಚಿಕ್ಕಪ್ಪ ಆಸ್ಪತ್ರೆ ಮುಟ್ಟಲಿಲ್ಲ. ಈಗ ಆತ ಜಾಮೀನಿನ ಮೇಲೆ ಹೊರಗಿದ್ದಾನೆ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎದುರಿಗೇ ಸಿಗುತ್ತಾನೆ. ಇಷ್ಟು ವರ್ಷ ಕಳೆದ ಮೇಲೆ ಮಡಿಕೇರಿ ಸೆಷನ್ಸ್ ಕೋರ್ಟಿನಿಂದ ಚಿಕ್ಕಮ್ಮನಿಗೆ ಸಮನ್ಸ್ ಬಂದಿದೆ.

ಅವರ ಪರಿಸ್ಥಿತಿ ಹೇಗಿದೆ ಅಂದರೆ, ಆನೆ ಓಡಿಸಲು ಫಾರೆಸ್ಟಿನವರು ಪಟಾಕಿ ಹೊಡೆದರೂ ಕೈಯಲ್ಲಿದ್ದ ಪಾತ್ರೆ ಕೆಳಗೆ ಬೀಳುತ್ತದೆ. ಯಾರದೋ ಮನೆಯಲ್ಲಿ ಸಾವಾಗಿ ಗುಂಡು ಹಾರಿಸಿದರೆ ಅವತ್ತು ಊಟ ಇಲ್ಲ, ನಿದ್ದೆ ಇಲ್ಲ. ಕೈಲ್‌ಪೊಳ್ದ್ (ಕೋವಿ ಪೂಜೆಯ ಹಬ್ಬ) ಬಂತು ಅಂದರೆ ಅವರನ್ನು ಮೈಸೂರಿಗೆ ಕಳಿಸಿಬಿಡುತ್ತೇವೆ. ಆ ದಿನದ ಬಗ್ಗೆ ಕೇಳಿದರೆ ಒಂದೊಂದು ಸಲ ಒಂದೊಂದು ಕಡೆಯಿಂದ ಶುರು ಮಾಡುತ್ತಾರೆ. ಗಂಟೆ ಎಷ್ಟಾಗಿತ್ತು ಅಂದರೆ ಗೊತ್ತಿಲ್ಲ. ಆದರೆ ಅವನ ಶರ್ಟಿನ ಎರಡನೇ ಗುಂಡಿ ಇರಲಿಲ್ಲ ಅನ್ನುವುದು ನೆನಪಿದೆ. ಕೆಲವು ಸಲ ಹೇಳುತ್ತಾ ಹೇಳುತ್ತಾ ನಕ್ಕುಬಿಡುತ್ತಾರೆ. ನೋಡಿದವರಿಗೆ ವಿಚಿತ್ರ ಅನಿಸುತ್ತದೆ.

"ಅವರ ವಕೀಲರು ಹಿಂಡಿಬಿಡುತ್ತಾರೆ, ಸುಳ್ಳಿ ಅಂತ ಮಾಡಿಬಿಡುತ್ತಾರೆ" ಅಂತ ಊರಲ್ಲಿ ಹೆದರಿಸಿ ಇಟ್ಟಿದ್ದಾರೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸಿನಲ್ಲಿ ಮಕ್ಕಳಿಗೆ ಪರದೆ, ಬೇರೆ ರೂಮು ಎಲ್ಲ ಇದೆ ಅಂತ ಕೇಳಿದ್ದೇನೆ. ಐವತ್ತು ದಾಟಿದ ಹೆಂಗಸು, ಅದೂ ಕೊಲೆ ಕೇಸು, ಇಂಥವರಿಗೆ ಏನೂ ಇಲ್ವಾ? ಪಿ.ಪಿ., ಅಂದರೆ ಸರ್ಕಾರಿ ವಕೀಲರನ್ನು ಕೇಳೋಣ ಅಂದರೆ ಅವರಿಗೆ ನಿಂತು ಮಾತಾಡಲು ಪುರುಸೊತ್ತಿಲ್ಲ. ಚಿಕ್ಕಮ್ಮ ಹೋಗದೇ ಇದ್ದರೆ ಏನಾಗುತ್ತದೆ? ಗೊತ್ತಿರುವವರು ಹೇಳಿ. ಸುಮ್ನೆ ಧೈರ್ಯ ಹೇಳುವುದು ಬೇಡ, ಅದು ಮನೆಯಲ್ಲೇ ಜಾಸ್ತಿ ಆಗಿದೆ.


ಹಳೇ ಶಿರಸ್ತೇದಾರ:

ನಾನು ಕೋರ್ಟ್ ಕಚೇರಿಯಲ್ಲಿದ್ದು ನಿವೃತ್ತನಾದವನು. ಮಡಿಕೇರಿ ಕೋಟೆಯೊಳಗೆ ಕೋರ್ಟ್ ನಡೆಯುತ್ತಿದ್ದ ಕಾಲದವನು.

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಹೋಗದೇ ಇರಬೇಡಿ ಅಮ್ಮಾ. ಸಮನ್ಸ್ ತಲುಪಿದ ಮೇಲೂ ಸಾಕ್ಷಿ ಬರದಿದ್ದರೆ ವಾರಂಟ್ ಹೊರಡಬಹುದು, ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ. ಚಿಕ್ಕಮ್ಮನ ಸ್ಥಿತಿಗೆ ಅದು ಇನ್ನೂ ಕೆಟ್ಟದ್ದು. ಆ ದಿನ ನಿಜವಾಗಿಯೂ ಆಗುವುದಿಲ್ಲ ಅಂದರೆ ಡಾಕ್ಟರ ಪತ್ರ ಇಟ್ಟು ಮುಂಚೆಯೇ ಪಿ.ಪಿ. ಮೂಲಕ ಕೋರ್ಟಿಗೆ ತಿಳಿಸಿ.

ದೊಡ್ಡವರಿಗೆ ಏನೂ ಇಲ್ವಾ ಅಂದಿರಿ. ಇದೆ. 2017ರಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಹೈಕೋರ್ಟ್ ವ್ಯಾಪ್ತಿಯಲ್ಲಿ ಕನಿಷ್ಠ ಎರಡು ಕಡೆ ದುರ್ಬಲ ಸಾಕ್ಷಿಗಳಿಗೆ ಸಾಕ್ಷಿ ಹೇಳಲು ಪ್ರತ್ಯೇಕ ಕೇಂದ್ರ ಮಾಡಿ ಅಂತ ಹೇಳಿತ್ತು. 2022ರ ಜನವರಿಯಲ್ಲಿ, ಸ್ಮೃತಿ ತುಕಾರಾಂ ಬಡಾಡೆ ಪ್ರಕರಣದಲ್ಲಿ, ಪ್ರತಿ ಜಿಲ್ಲೆಗೂ ಒಂದು ಬೇಕು ಅಂತ ಆಯಿತು. ಆಗಲೇ 'ದುರ್ಬಲ ಸಾಕ್ಷಿ' ಯಾರು ಅನ್ನುವುದನ್ನೂ ಹಿಗ್ಗಿಸಿದರು. ಮೊದಲು ಮಕ್ಕಳು ಮಾತ್ರ ಅನ್ನುವ ಹಾಗಿತ್ತು. ಈಗ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಯಾವ ವಯಸ್ಸಿನವರೂ, ಗಂಡಾಗಲಿ ಹೆಣ್ಣಾಗಲಿ, ಸೇರುತ್ತಾರೆ. ಮಾನಸಿಕ ಕಾಯಿಲೆ ಇರುವ ಸಾಕ್ಷಿ, ಜೀವಬೆದರಿಕೆ ಇರುವ ಸಾಕ್ಷಿ, ಮಾತು ಬಾರದ ಕಿವಿ ಕೇಳದ ಸಾಕ್ಷಿ, ಎಲ್ಲರೂ ಬರುತ್ತಾರೆ. ಕೊನೆಯಲ್ಲಿ ಒಂದು ಸಾಲಿದೆ: ಸಂಬಂಧಪಟ್ಟ ಕೋರ್ಟಿಗೆ ದುರ್ಬಲರು ಅಂತ ಕಂಡ ಬೇರೆ ಯಾರೇ ಆದರೂ. ನಿಮಗೆ ಬೇಕಾದದ್ದು ಈ ಸಾಲು.

ಆದರೆ ಕೋರ್ಟಿಗೆ ತಾನಾಗಿ ಏನೂ ಕಾಣುವುದಿಲ್ಲ. ಜಡ್ಜ್ ಮುಂದೆ ಇರುವುದು ಫೈಲು. ಅದರಲ್ಲಿ ನಿಮ್ಮ ಚಿಕ್ಕಮ್ಮ ಒಂದು ಚಾ.ಸಾ. (ಚಾರ್ಜ್‌ಶೀಟ್ ಸಾಕ್ಷಿ) ನಂಬರು ಅಷ್ಟೆ. ಬೆಳಿಗ್ಗೆ ಕೇಸು ಕೂಗುತ್ತಾರೆ, ದಫೇದಾರ್ ಹೊರಗೆ ಬಂದು ದೊಡ್ಡ ಗಂಟಲಿನಲ್ಲಿ ಹೆಸರು ಕರೆಯುತ್ತಾನೆ, ಅದೇ ವರಾಂಡದಲ್ಲಿ ಆರೋಪಿ, ಅವನ ಅಣ್ಣ, ಭಾವ, ಊರಿನ ನಾಲ್ಕು ಜನ ನಿಂತಿರುತ್ತಾರೆ, ಒಳಗೆ ಹೋಗಿ ಸಾಕ್ಷಿ ಕಟ್ಟೆ ಹತ್ತುವ ಹೊತ್ತಿಗೆ ಆ ಹೆಂಗಸಿನ ಅರ್ಧ ಜೀವ ಹೋಗಿರುತ್ತದೆ. ಮಧ್ಯಾಹ್ನದವರೆಗೆ ಕಾಯಿಸಿ "ಇವತ್ತು ಸೀನಿಯರ್ ಬಂದಿಲ್ಲ, ಮುಂದಿನ ವಾಯಿದೆಗೆ ಬನ್ನಿ" ಅಂತ ಕಳಿಸುವುದೂ ಉಂಟು. 2000ನೇ ಇಸವಿಯಲ್ಲೇ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬರೆದು ಬೇಸರಪಟ್ಟಿದೆ. ಸಾಕ್ಷಿಗೆ ಕೂರಲು ಜಾಗ ಇಲ್ಲ, ಕುಡಿಯಲು ನೀರಿಲ್ಲ, ಸಲ ಸಲ ವಾಯಿದೆ ಅಂತ. ಅದನ್ನು ಓದಿದ ಮೇಲೂ ನಾವು ಬೆಂಚು ಹಾಕಿಸಿಕೊಳ್ಳಲು ವರ್ಷಗಟ್ಟಲೆ ಪತ್ರ ಬರೆದೆವು ಅನ್ನಿ.

ಅದಕ್ಕೆ, ವಾಯಿದೆಗೆ ಮುಂಚೆ ಬರವಣಿಗೆಯಲ್ಲಿ ಕೇಳಬೇಕು. ಬಾಯಲ್ಲಿ ಹೇಳಿದ್ದು ಬಾಯಲ್ಲೇ ಉಳಿಯುತ್ತದೆ.


ಮಳೆಗಾಲ:

ನಾನು ಆಪ್ತ ಸಮಾಲೋಚಕಿ. 2018ರ ಆಗಸ್ಟಿನ ಭೂಕುಸಿತದ ನಂತರ ಪರಿಹಾರ ಕೇಂದ್ರಗಳಲ್ಲಿ ಕೆಲಸ ಶುರು ಮಾಡಿದೆ, ಈಗಲೂ ಇದೇ ಕೆಲಸ.

ಕಿತ್ತಳೆಸಿಪ್ಪೆ ಅವರೇ, ಚಿಕ್ಕಮ್ಮನ ಬಗ್ಗೆ ನೀವು ಬರೆದದ್ದರಲ್ಲಿ ನಮಗೆ ವಿಚಿತ್ರ ಅನಿಸುವಂಥದ್ದು ಒಂದೂ ಇಲ್ಲ. ಜೀವಭಯದ ಹೊತ್ತಿನಲ್ಲಿ ಮನಸ್ಸು ಯಾವುದೋ ಒಂದೆರಡು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಶರ್ಟಿನ ಗುಂಡಿ, ಕಣದಲ್ಲಿದ್ದ ಕಾಫಿಯ ವಾಸನೆ, ಇಂಥವು. ಗಂಟೆ, ದೂರ, ಯಾವುದು ಮೊದಲು ಯಾವುದು ಆಮೇಲೆ, ಇವು ಮಸುಕಾಗುತ್ತವೆ. ಕೋರ್ಟು ಕೇಳುವುದು ಮಾತ್ರ ಸರಿಯಾಗಿ ಅದನ್ನೇ. ಎಷ್ಟು ಗಂಟೆಗೆ, ಎಷ್ಟು ಅಡಿ ದೂರದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ. ನಗು ಬರುವುದೂ ಅಷ್ಟೆ. ತಡೆಯಲಾರದ್ದನ್ನು ಮೈ ಹೇಗೋ ಹೊರಹಾಕುತ್ತದೆ. ಕೆಲವರು ಅಳುತ್ತಾರೆ, ಕೆಲವರ ಮುಖ ಕಲ್ಲಿನ ಹಾಗೆ ಆಗಿಬಿಡುತ್ತದೆ, ದನಿಯಲ್ಲಿ ಏರಿಳಿತವೇ ಇರುವುದಿಲ್ಲ. ಸಾಕ್ಷಿಯ ಹಾವಭಾವದ ಬಗ್ಗೆ ಟಿಪ್ಪಣಿ ಬರೆದಿಡುವ ಅವಕಾಶ ಜಡ್ಜ್‌ಗೆ ಕಾನೂನಿನಲ್ಲೇ ಇದೆ. ಹಾಗಾಗಿ ಈ ನಗು ಯಾಕೆ ಅಂತ ಅವರಿಗೆ ಮೊದಲೇ ಗೊತ್ತಿರುವುದು ಒಳ್ಳೆಯದು.

ಡಾಕ್ಟರ ಪತ್ರದ ವಿಷಯ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಪತ್ರದಲ್ಲಿ ಬರೀ ಕಾಯಿಲೆಯ ಹೆಸರು ಬರೆಸಿಕೊಂಡು ಬರಬೇಡಿ. ಏನು ಬೇಕು ಅಂತ ಬರೆಸಿ. ನಿಂತು ಹೇಳಲಾಗುವುದಿಲ್ಲ, ಕೂರಿಸಿ. ಅರ್ಧ ಗಂಟೆಗೊಮ್ಮೆ ವಿರಾಮ ಬೇಕು. ಜೋರು ಶಬ್ದಕ್ಕೆ ಬೆಚ್ಚುತ್ತಾರೆ, ಹೆಸರು ಕೂಗುವ ಬದಲು ಹತ್ತಿರ ಹೋಗಿ ಕರೆಯಿರಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಇವುಗಳಲ್ಲಿ ಯಾವುದಕ್ಕೂ ದುಡ್ಡು ಬೇಡ, ಕಟ್ಟಡ ಬೇಡ.

ನೀವು ಮನೆಯಲ್ಲಿ ಒಂದು ಕೆಲಸ ಮಾತ್ರ ಮಾಡಬೇಡಿ. ಕೂರಿಸಿಕೊಂಡು "ಹೀಗೆ ಹೇಳಿ, ಹಾಗೆ ಹೇಳಿ" ಅಂತ ಗಿಣಿಪಾಠ ಮಾಡಿಸಬೇಡಿ. ಅದು ಅವರಿಗೆ ಇನ್ನೊಂದು ಸಲ ಅದೇ ಹಿಂಸೆ. ಆಮೇಲೆ ಪಾಟೀ ಸವಾಲಿನಲ್ಲಿ, ಎದುರು ವಕೀಲರು ಪ್ರಶ್ನೆ ಕೇಳುವಾಗ, "ನಿಮಗೆ ಯಾರು ಹೇಳಿಕೊಟ್ಟರು" ಅಂತ ಬಂದೇ ಬರುತ್ತದೆ. ಘಟನೆಯ ಬಗ್ಗೆ ಮಾತಾಡದೆ ಜಾಗದ ಬಗ್ಗೆ ಮಾತಾಡಿ. ಕೋರ್ಟಿನಲ್ಲಿ ಕಲಾಪ ಇಲ್ಲದ ಹೊತ್ತಿನಲ್ಲಿ ಒಮ್ಮೆ ಕರೆದುಕೊಂಡು ಹೋಗಿ ಕಟ್ಟೆ ಎಲ್ಲಿ, ಜಡ್ಜ್ ಎಲ್ಲಿ ಕೂರುತ್ತಾರೆ, ಶೌಚಾಲಯ ಎಲ್ಲಿ ಅಂತ ತೋರಿಸಿ. ಸಾಕ್ಷಿಯ ದಿನ ಬೆಳಿಗ್ಗೆ ಹೊಸದಾಗಿ ಯಾರೋ ಕೊಟ್ಟ ನಿದ್ದೆ ಮಾತ್ರೆ ನುಂಗಿಸಬೇಡಿ. ರಾತ್ರಿ ತೀರಾ ಕಷ್ಟ ಆದರೆ 14416ಕ್ಕೆ ಮಾಡಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.


ಕರಿಕೋಟು:

ನಾನು ಆರೋಪಿಗಳ ಪರ ಕೇಸು ನಡೆಸುವ ವಕೀಲ, ವಿರಾಜಪೇಟೆ. ಇಲ್ಲಿ ಯಾರಿಗೂ ಇಷ್ಟ ಆಗುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹಿಂಡುವುದು, ಸುಳ್ಳಿ ಮಾಡುವುದು ಅಂತೆಲ್ಲ ಊರವರು ಹೇಳುತ್ತಾರೆ. ಕೊಲೆ ಕೇಸಿನಲ್ಲಿ ಶಿಕ್ಷೆ ಅಂದರೆ ಕಡಿಮೆ ಅಂದರೂ ಜೀವಾವಧಿ. ಒಬ್ಬ ಮನುಷ್ಯನನ್ನು ಅಷ್ಟು ಕಾಲ ಒಳಗೆ ಹಾಕುವ ಮುಂಚೆ ನೋಡಿದವರನ್ನು ಪ್ರಶ್ನೆ ಕೇಳಬೇಡಿ ಅಂದರೆ ಹೇಗೆ? ಬೇಲಿ ಜಗಳಗಳಲ್ಲಿ ಇಡೀ ಮನೆಯವರ ಹೆಸರು ಸೇರಿಸಿ ದೂರು ಕೊಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಜಗಳದ ದಿನ ಮೈಸೂರಿನಲ್ಲಿದ್ದ ತಮ್ಮನೂ ಆರೋಪಿ.

ಮಳೆಗಾಲ ಮೇಡಂ ಹೇಳಿದ ಪತ್ರದ ಬಗ್ಗೆ ಒಂದು ಮಾತು. ಕಾಯಿಲೆಯ ಹೆಸರು ದಾಖಲೆಗೆ ಬಂದರೆ ನನ್ನಂಥವನು ಅದನ್ನು ಹಿಡಿದುಕೊಳ್ಳುತ್ತಾನೆ. "ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಮರೆವು ಇದೆ, ಅಲ್ವಾ?" ಅಂತ ಕೇಳುತ್ತೇನೆ, ಕೇಳುವುದು ನನ್ನ ಕೆಲಸ. ಆದ್ದರಿಂದ ಏನು ಬೇಕೋ ಅಷ್ಟನ್ನೇ ಬರೆಸಿ ಅನ್ನುವುದು ಸರಿಯಾದ ಸಲಹೆ. ನಾನು ಎದುರು ಪಾರ್ಟಿಯಾದರೂ ಒಪ್ಪುತ್ತೇನೆ.

ಗಂಟೆ ತಪ್ಪಿ ಹೇಳಿದರೆ ಕೇಸು ಬಿದ್ದುಹೋಗುತ್ತದೆ ಅನ್ನುವ ಹೆದರಿಕೆ ಬಿಡಿ. 1983ರಲ್ಲೇ ಭರ್ವಾಡಾ ಭೋಗಿನ್‌ಭಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಕ್ಷಿಯ ನೆನಪು ಫೋಟೋ ತೆಗೆದ ಹಾಗೆ ಇರಬೇಕು ಅಂತ ನಿರೀಕ್ಷಿಸಬಾರದು, ಸಮಯದ ಅಂದಾಜು ಜನರಿಂದ ಜನರಿಗೆ ಬದಲಾಗುತ್ತದೆ, ಕೋರ್ಟಿನ ವಾತಾವರಣಕ್ಕೇ ಸಾಕ್ಷಿ ಗಾಬರಿಯಾಗಬಹುದು, ಸಣ್ಣಪುಟ್ಟ ವ್ಯತ್ಯಾಸಕ್ಕೆ ಜಾಸ್ತಿ ಬೆಲೆ ಕೊಡಬಾರದು ಅಂತ. ಆ ತೀರ್ಪನ್ನು ಎಲ್ಲ ಪಿ.ಪಿ.ಗಳೂ ನಮ್ಮ ಮೇಲೆ ಎಸೆಯುತ್ತಾರೆ. ಚಿಕ್ಕಮ್ಮನಿಗೆ ಇಷ್ಟು ಹೇಳಿ: ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ", ನೆನಪಿಲ್ಲದ್ದಕ್ಕೆ "ನೆನಪಿಲ್ಲ". ತೊಂದರೆ ಆಗುವುದು ಗೊತ್ತಿಲ್ಲದ್ದನ್ನು ಅಂದಾಜಿನಲ್ಲಿ ತುಂಬಿದಾಗ.

ಇನ್ನು ಪರದೆ. ಆರೋಪಿಯನ್ನು ಕೋರ್ಟಿನಲ್ಲಿ ಗುರುತಿಸಲೇಬೇಕು. ಪೂರ್ತಿ ಮುಖ ನೋಡದೇ ಮುಗಿಯುವುದಿಲ್ಲ. ಅಷ್ಟೇ ಅಲ್ಲದೆ ಪರದೆ ಕಟ್ಟಿದರೆ, ಇವನು ಅಷ್ಟು ಭಯಂಕರ ಮನುಷ್ಯ ಅಂತ ತೀರ್ಪಿಗೆ ಮುಂಚೆಯೇ ಬರೆದ ಹಾಗಾಗುತ್ತದೆ. ಅದು ನನ್ನ ಆಕ್ಷೇಪ.


ಬೆಟ್ಟದ ನೆಲ್ಲಿ:

ಕರಿಕೋಟು ಸರ್, ನಿಮ್ಮ ಆಕ್ಷೇಪ ಜ್ಯೂರಿ, ಅಂದರೆ ಸಾಮಾನ್ಯ ಜನರ ಗುಂಪು ತೀರ್ಪು ಕೊಡುವ ದೇಶಕ್ಕೆ ಸರಿ. ನಮ್ಮಲ್ಲಿ ತೀರ್ಪು ಬರೆಯುವುದು ಜಡ್ಜ್ ಒಬ್ಬರೇ. ಪರದೆ ಯಾಕೆ ಹಾಕಿದೆವು ಅಂತ ಅವರಿಗೇ ಗೊತ್ತಿರುತ್ತದೆ. ಅವರು ಪರದೆ ನೋಡಿ ಹೆದರಿ ಶಿಕ್ಷೆ ಕೊಡುತ್ತಾರಾ?

ನಾನೂ ಸಾಕ್ಷಿ ಹೇಳಿದವಳು. ಗಂಡನ ಮೇಲಿನ ಕೇಸು, ನನ್ನನ್ನು ಸಾಯಿಸಲು ನೋಡಿದ್ದಕ್ಕೆ. ಜಿಲ್ಲೆ ಬೇರೆ, ಹೆಸರು ಬೇಡ. ಅಲ್ಲಿ ಪಾಟೀ ಸವಾಲಿನಲ್ಲಿ ನನ್ನ ಅಡುಗೆ, ನನ್ನ ಫೋನು, ನನ್ನ ತವರಿನ ಸಾಲ ಎಲ್ಲ ಬಂತು. ಒಂದು ಹಂತದಲ್ಲಿ ಜಡ್ಜ್ ತಡೆದು "ಇದಕ್ಕೂ ಕೇಸಿಗೂ ಏನು ಸಂಬಂಧ" ಅಂದರು. ಅಲ್ಲಿವರೆಗೆ ನಾನು ಕಟಕಟೆಯಲ್ಲಿ ನಿಂತಿರುವ ಆರೋಪಿ ನಾನೇ ಅಂದುಕೊಂಡಿದ್ದೆ. ಅವಮಾನ ಮಾಡಲೆಂದೇ ಕೇಳುವ ಪ್ರಶ್ನೆ, ಅಸಹ್ಯದ ಪ್ರಶ್ನೆ, ಇವನ್ನು ತಡೆಯುವ ಅಧಿಕಾರ ಜಡ್ಜ್‌ಗೆ ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. 1996ರ ಗುರ್ಮೀತ್ ಸಿಂಗ್ ತೀರ್ಪಿನಲ್ಲಿ, ಅದು ಅತ್ಯಾಚಾರದ ಕೇಸು, ಕೋರ್ಟು ಸುಮ್ಮನೆ ನೋಡುತ್ತಾ ಕೂರಬಾರದು ಅಂತಲೇ ಹೇಳಿದ್ದಾರೆ. ಅಧಿಕಾರ ಇದೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಅವತ್ತು ಗೊತ್ತಿದ್ದರೆ ನಾನೇ ಕೈ ಮುಗಿದು "ಸ್ವಾಮಿ, ಇದಕ್ಕೆ ಉತ್ತರ ಹೇಳಲೇಬೇಕಾ" ಅಂತ ಜಡ್ಜನ್ನು ಕೇಳುತ್ತಿದ್ದೆ. ಕೇಳಬಹುದು.

ಕಿತ್ತಳೆಸಿಪ್ಪೆ, ಚಿಕ್ಕಮ್ಮನಿಗೆ ಇದೊಂದನ್ನು ಖಂಡಿತ ಹೇಳಿ. ಕೊನೆಯಲ್ಲಿ ವಕೀಲರು ಸಾಲಾಗಿ ಕೇಳುತ್ತಾರೆ. ನೀವು ಸ್ಥಳದಲ್ಲಿ ಇರಲೇ ಇಲ್ಲ, ಪೊಲೀಸರು ಹೇಳಿಕೊಟ್ಟಿದ್ದಾರೆ, ದ್ವೇಷಕ್ಕೆ ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ. ನೀವು "ಇಲ್ಲ" ಅಂದರೆ "ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ" ಅಂತ ಟೈಪ್ ಮಾಡುತ್ತಾರೆ. ಅದು ಎಲ್ಲ ಕೇಸಿನಲ್ಲೂ, ಎಲ್ಲ ಸಾಕ್ಷಿಗೂ ಕೇಳುವ ಪದ್ಧತಿ. ನನಗೆ ಯಾರೂ ಹೇಳಿರಲಿಲ್ಲ. ಗಂಡನ ಪೆಟ್ಟಿಗಿಂತ ಆ ಮಾತು ಜಾಸ್ತಿ ನೋಯಿಸಿತ್ತು, ಇಷ್ಟೆಲ್ಲ ಆದ ಮೇಲೆ ನನ್ನನ್ನು ಸುಳ್ಳಿ ಅಂದರಲ್ಲ ಅಂತ. ಅದು ಬರೀ ಶಾಸ್ತ್ರ ಅಂತ ಮೊದಲೇ ಹೇಳಿದ್ದರೆ ಅಷ್ಟು ಅಳುತ್ತಿರಲಿಲ್ಲ.


ಕಿತ್ತಳೆಸಿಪ್ಪೆ:

ತುಂಬಾ ಥ್ಯಾಂಕ್ಸ್. ಕರಿಕೋಟು ಸರ್, ನಿಮಗೂ. ಬೈದುಕೊಂಡೇ ಓದಿದೆ, ಆದರೆ ಉಪಯೋಗ ಆಯಿತು.

ಇನ್ನೂ ಎರಡು ವಿಷಯ. ಆರೋಪಿಯ ಕಡೆಯವರೊಬ್ಬರು ಸಂತೆಯಲ್ಲಿ ನಮ್ಮ ತಮ್ಮನಿಗೆ "ನಿಮ್ಮ ಚಿಕ್ಕಮ್ಮ ಒಬ್ಬರೇ ಇರುವುದಲ್ವಾ, ಯೋಚನೆ ಮಾಡಿ ಸಾಕ್ಷಿ ಹೇಳಲಿ" ಅಂದರಂತೆ. ಇದು ಬೆದರಿಕೆನಾ? ಹೇಳಿದವರು ನಗುತ್ತಾ ಹೇಳಿದ್ದಾರೆ. ಎರಡನೆಯದು, ಆ ಕೋವಿಯನ್ನು ಕೋರ್ಟಿನಲ್ಲಿ ಚಿಕ್ಕಮ್ಮನಿಗೆ ತೋರಿಸುತ್ತಾರೆ ಅಂತ ಯಾರೋ ಹೇಳಿದರು. ನಿಜಾನಾ?


ಹಳೇ ಶಿರಸ್ತೇದಾರ:

ನಿಜ. ಕೋವಿ, ರಕ್ತ ಆದ ಬಟ್ಟೆ, ತೋಟೆ, ಇವೆಲ್ಲ ಮುದ್ದೆಮಾಲು. ಚೀಲದಲ್ಲಿ ಸೀಲ್ ಆಗಿ ಬಂದಿರುತ್ತವೆ, ಕೋರ್ಟಿನಲ್ಲಿ ಬಿಚ್ಚಿ ಸಾಕ್ಷಿಗೆ ತೋರಿಸಿ "ಇದೇನಾ" ಅಂತ ಕೇಳಿ ನಂಬರು ಹಾಕುತ್ತಾರೆ. ಯಾರ ತಪ್ಪೂ ಅಲ್ಲ, ಅದು ಆಗಬೇಕಾದದ್ದೇ. ಆದರೆ ಬಿಚ್ಚುವುದು ಸಾಕ್ಷಿಯ ಕಣ್ಣೆದುರಿಗೇ ಆಗುತ್ತದೆ, ಗಂಡನ ಶರ್ಟು ಏಕಾಏಕಿ ಮೇಜಿನ ಮೇಲೆ ಬಂದು ಬೀಳುತ್ತದೆ, ಅಲ್ಲಿಗೆ ಸಾಕ್ಷಿ ಮುಗಿದ ಹಾಗೆ. ಅರ್ಜಿಯಲ್ಲಿ ಇದನ್ನು ಬರೆಯಿರಿ. ತೋರಿಸುವ ಮುಂಚೆ ಹೇಳಿ ತೋರಿಸಬೇಕು, ಉಳಿದ ಪ್ರಶ್ನೆ ಎಲ್ಲ ಮುಗಿದ ಮೇಲೆ ಕೊನೆಗೆ ತೋರಿಸಬೇಕು, ಅಲ್ಲಿವರೆಗೆ ಮೇಜಿನ ಮೇಲೆ ಇಡಬಾರದು. ಪಂಚರು (ವಸ್ತು ಜಪ್ತಿ ಮಾಡುವಾಗ ಇದ್ದ ಸಾಕ್ಷಿಗಳು), ತನಿಖಾಧಿಕಾರಿ ಗುರುತಿಸಿದರೆ ಸಾಕಾಗುವ ವಸ್ತುವನ್ನು ಚಿಕ್ಕಮ್ಮನಿಗೆ ತೋರಿಸಬೇಕಾ ಅಂತಲೂ ಪಿ.ಪಿ. ಅವರನ್ನು ಕೇಳಿ. ಎಷ್ಟೋ ಸಲ ಬೇಕಿರುವುದಿಲ್ಲ.

ಬೆದರಿಕೆಯ ವಿಷಯಕ್ಕೆ ವಕೀಲರೇ ಹೇಳಲಿ.


ಕರಿಕೋಟು:

ನಗುತ್ತಾ ಹೇಳಿದರೂ ಬೆದರಿಕೆ ಬೆದರಿಕೆಯೇ. ಸುಳ್ಳು ಸಾಕ್ಷಿ ಹೇಳಿ ಅಂತ ಹೆದರಿಸುವುದು ಬೇರೆಯೇ ಅಪರಾಧ. ಹೊಸ ನ್ಯಾಯ ಸಂಹಿತೆಯಲ್ಲಿ 232ನೇ ಕಲಮು, ಹಳೆಯ ಐಪಿಸಿಯಲ್ಲಿ 195ಎ. ಆರೋಪಿಯೇ ಹೇಳಿಸಿದ ಅಂತ ತೋರಿಸಿದರೆ ಜಾಮೀನು ರದ್ದು ಮಾಡಿಸಲು ಪಿ.ಪಿ. ಅರ್ಜಿ ಹಾಕಬಹುದು. ಯಾವ ದಿನ, ಎಲ್ಲಿ, ಯಾರು, ಯಾವ ಮಾತು, ಇವತ್ತೇ ಬರೆದಿಡಿ.

ಇದರ ಜೊತೆಗೆ ಸಾಕ್ಷಿ ರಕ್ಷಣಾ ಯೋಜನೆ ಇದೆ. 2018ರ ಡಿಸೆಂಬರ್ 5ರಂದು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿ ಇಡೀ ದೇಶಕ್ಕೆ ಅನ್ವಯ ಮಾಡಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮಿನಲ್ಲಿ ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಲೇಬೇಕು ಅಂತ ಇದೆ. ಇದಕ್ಕೆ ಜಿಲ್ಲೆಯಲ್ಲಿ ಒಂದು ಸಮಿತಿ: ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು ಅಧ್ಯಕ್ಷರು, ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸದಸ್ಯರು, ಅಭಿಯೋಜನಾ ಇಲಾಖೆಯ ಜಿಲ್ಲಾ ಮುಖ್ಯಸ್ಥರು ಕಾರ್ಯದರ್ಶಿ. ಅರ್ಜಿ ಅವರ ಮೂಲಕ ಹೋಗಬೇಕು. ಡಿವೈಎಸ್ಪಿ ಕಡೆಯಿಂದ ಬೆದರಿಕೆ ಎಷ್ಟಿದೆ ಅನ್ನುವ ವರದಿ ತರಿಸುತ್ತಾರೆ. ಅದು ಐದು ಕೆಲಸದ ದಿನಗಳಲ್ಲಿ ಬರಬೇಕು. ಜೀವಕ್ಕೇ ಅಪಾಯ ಇದ್ದರೆ ಎ ವರ್ಗ, ಸುರಕ್ಷತೆ, ಮರ್ಯಾದೆ, ಆಸ್ತಿಗೆ ಧಕ್ಕೆ ಅಂದರೆ ಬಿ, ಕಿರುಕುಳ ಹೆದರಿಕೆ ಸಿ.

ಜನ ಇದನ್ನು ಗನ್‌ಮ್ಯಾನ್ ಕೊಡುವ ಯೋಜನೆ ಅಂದುಕೊಂಡಿದ್ದಾರೆ. ನಿಮಗೆ ಬೇಕಾದದ್ದು ಇದರಲ್ಲಿ ಬೇರೆ ಇದೆ. ಸಾಕ್ಷಿ ಮತ್ತು ಆರೋಪಿ ಮುಖಾಮುಖಿ ಆಗದ ಹಾಗೆ ನೋಡಿಕೊಳ್ಳುವುದು, ಕೋರ್ಟಿಗೆ ಬರಲು ಹೋಗಲು ಬೆಂಗಾವಲು, ಸಾಕ್ಷಿ ಹೇಳುವಾಗ ನಂಬಿಕೆಯವರೊಬ್ಬರು ಪಕ್ಕದಲ್ಲಿ ಇರುವುದು, ಪರದೆ ಅಥವಾ ಒಂದೇ ಕಡೆಯಿಂದ ಕಾಣುವ ಗಾಜಿನ ಕೊಠಡಿ, ಸಾಕ್ಷಿ ಶುರುವಾದರೆ ದಿನದಿನವೂ ನಡೆಸಿ ಮುಗಿಸುವುದು. ಇವೆಲ್ಲ ಯೋಜನೆಯ ಪಟ್ಟಿಯಲ್ಲೇ ಇವೆ. ಕೊಲೆ ಕೇಸು ಇದರೊಳಗೆ ಬರುತ್ತದೆ.

ಪರದೆ ಬೇಡ ಅಂದವನು ನಾನೇ, ಗೊತ್ತು. ನನ್ನ ಮನಸ್ಸಿಗೆ ವಿಡಿಯೋ ಒಳ್ಳೆಯದು. ಸಾಕ್ಷಿ ಬೇರೆ ಕೊಠಡಿಯಲ್ಲಿ ಕೂತು ಕ್ಯಾಮೆರಾ ಮುಂದೆ ಹೇಳುತ್ತಾರೆ. ಆರೋಪಿ ನಮ್ಮ ಜೊತೆ ಕೋರ್ಟ್ ಹಾಲಿನಲ್ಲಿ ಇರುತ್ತಾನೆ, ನಾನು ಅವನ ಹತ್ತಿರ ಪಿಸುಗುಟ್ಟಿ ಕೇಳಿ ಪ್ರಶ್ನೆ ಹಾಕಬಹುದು. ಗುರುತಿಸುವಾಗ ಒಂದು ಸಲ ವಿಡಿಯೋದಲ್ಲಿ ಮುಖ ತೋರಿಸಿದರೆ ಆಯಿತು. ಅವರ ಭಯವೂ ತಪ್ಪುತ್ತದೆ, ನನ್ನ ಕಕ್ಷಿದಾರನ ಹಕ್ಕೂ ಉಳಿಯುತ್ತದೆ. ಕರೆಂಟು, ನೆಟ್ ಇದ್ದರೆ. ಜುಲೈ ತಿಂಗಳಲ್ಲಿ ಮಡಿಕೇರಿ ನೆಟ್ ನಂಬಿ ಕೊಲೆ ಕೇಸು ನಡೆಸುವುದು ಅಂದರೆ ನನಗೂ ಸ್ವಲ್ಪ ನಡುಕವೇ.

ಕಾನೂನಿನ ಹೆಸರು ಗೊಂದಲ ಮಾಡಿಕೊಳ್ಳಬೇಡಿ. ಹೊಸ ಸಂಹಿತೆಗಳು ಜಾರಿಗೆ ಬಂದ 2024ರ ಜುಲೈ 1ಕ್ಕೆ ಮುಂಚೆಯೇ ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿದ್ದ ಕೇಸಾದರೆ ವಿಚಾರಣೆಯ ವಿಧಾನಕ್ಕೆ ಹಳೆಯ ಸಿಆರ್‌ಪಿಸಿಯೇ. ಆದರೆ ಮೇಲೆ ಹೇಳಿದ ಸುಪ್ರೀಂ ಕೋರ್ಟ್ ಆದೇಶಗಳು ಎರಡಕ್ಕೂ ಅನ್ವಯ.


ಲೈನ್‌ಮನೆ:

ಇಷ್ಟೆಲ್ಲ ಒಳ್ಳೆಯ ಮಾತು ನಡೆಯುತ್ತಿದೆ, ಆದರೆ ಇದು ಕನ್ನಡ ಬರುವ, ತೋಟ ಇರುವ ಮನೆಯವರ ಕಥೆ. ನಾನು ದಕ್ಷಿಣ ಕೊಡಗಿನ ಬುಡಕಟ್ಟಿನವರ ಹಾಡಿಗಳಲ್ಲಿ ಕೆಲಸ ಮಾಡುವವನು. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಯರವ ಬುಡಕಟ್ಟಿನ ಹೆಂಗಸು ಸಾಕ್ಷಿ ಆದರೆ ಏನಾಗುತ್ತದೆ ಅಂತ ಗೊತ್ತಾ?

ಅವಳಿಗೆ ಸಮನ್ಸ್ ಹೋಗುವುದು ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ. ಕೋರ್ಟಿಗೆ ಕರೆತರುವುದು ತೋಟದ ಜೀಪು. ಜಡ್ಜ್ ಕನ್ನಡದಲ್ಲಿ ಕೇಳುತ್ತಾರೆ, ಅವಳು ತಲೆ ಆಡಿಸುತ್ತಾಳೆ. ಆ ತಲೆ ಆಡಿಸುವುದು ಹೌದು ಅಂತಾನಾ, ಕೇಳಿಸಿತು ಅಂತಾನಾ, ಸಾಕು ಬಿಡಿ ಅಂತಾನಾ, ಯಾರಿಗೂ ಗೊತ್ತಿಲ್ಲ. ಟೈಪ್ ಆಗುವುದು "ಹೌದು" ಅಂತ. ಭಾಷೆ ಗೊತ್ತಿರುವವರು ಯಾರಿದ್ದಾರೆ ಅಂದಾಗ ಮುಂದೆ ಬಂದವನು ಅದೇ ತೋಟದ ಮೇಸ್ತ್ರಿ. ನಾನು ಕಣ್ಣಾರೆ ನೋಡಿದ್ದು. ಅವಳು ಮಾತಾಡಬೇಕಾದದ್ದೇ ಆ ತೋಟದಲ್ಲಿ ನಡೆದದ್ದರ ಬಗ್ಗೆ! ಕೊನೆಗೆ "ಸಾಕ್ಷಿ ಪ್ರತಿಕೂಲ", ಅಂದರೆ ಕರೆಸಿದವರಿಗೇ ತಿರುಗಿಬಿದ್ದ ಸಾಕ್ಷಿ, ಅಂತ ಬರೆದರು. ಅವಳು ಯಾರಿಗೂ ಪ್ರತಿಕೂಲ ಆಗಿರಲಿಲ್ಲ.

ಪೋಕ್ಸೊ ಕಾಯ್ದೆಯಲ್ಲಿ 38ನೇ ಕಲಮು ಮಗುವಿಗೆ ಭಾಷೆ ಬಲ್ಲ ಅನುವಾದಕರನ್ನು ಕೊಡಬೇಕು ಅನ್ನುತ್ತದೆ, ಫೀಸೂ ಕೊಡಬೇಕು. ದೊಡ್ಡವರಿಗೂ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಬೇಕು ಅನ್ನುವ ನಿಯಮ ಇದೆ. ಆದರೆ ಯರವ, ಜೇನುಕುರುಬ ಮಾತು ಬಲ್ಲ, ತೋಟದವರ ಹಂಗಿಲ್ಲದ ಅನುವಾದಕರ ಪಟ್ಟಿ ಒಂದು ಮಾಡಿ ಅಂತ ಎಷ್ಟು ಜನ ಕೇಳಿದ್ದೇವೆ? ಆಶ್ರಮ ಶಾಲೆಯಲ್ಲಿ ಓದಿದ ಹಾಡಿಯ ಹುಡುಗಿಯರು ಬೇಕಾದಷ್ಟು ಇದ್ದಾರೆ. ತರಬೇತಿ ಕೊಟ್ಟರೆ ಆಯಿತು. ಈಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕೂಲಿಯವರೂ ಇದ್ದಾರೆ, ಅವರ ಪಾಡು ಇನ್ನೂ ಬೇರೆ.


ಮಳೆಗಾಲ:

ಲೈನ್‌ಮನೆ ಅಣ್ಣ, ನೂರಕ್ಕೆ ನೂರು ಒಪ್ಪುತ್ತೇನೆ. ಇಂಗ್ಲೆಂಡಿನಲ್ಲಿ 1999ರ ಕಾನೂನಿನಲ್ಲೇ ಇದಕ್ಕೆ ಹತ್ತಿರದ ಒಂದು ವ್ಯವಸ್ಥೆ ಇದೆ. ಸಾಕ್ಷಿಗೂ ವಕೀಲರಿಗೂ ನಡುವೆ ತರಬೇತಿ ಪಡೆದ ಒಬ್ಬರು ಕೂರುತ್ತಾರೆ. ಪ್ರಶ್ನೆ ಸಾಕ್ಷಿಗೆ ಅರ್ಥವಾಗಿಲ್ಲ ಅಂದರೆ ಅಲ್ಲೇ ಕೈ ಎತ್ತಿ ಹೇಳುತ್ತಾರೆ. ಸಾಕ್ಷಿ ಹೆದರುತ್ತಾರೆ ಅಂತ ಜಡ್ಜ್, ವಕೀಲರು ಗೌನು, ಕೂದಲ ಟೋಪಿ ತೆಗೆದಿಡುವ ಅವಕಾಶವೂ ಇದೆ. ನಮ್ಮ ಕರಿಕೋಟು ಸರ್ ಕೋಟು ಬಿಚ್ಚುತ್ತಾರಾ?


ಕರಿಕೋಟು:

ಏಪ್ರಿಲ್‌ನಲ್ಲಿ ಹೇಳಿ, ಸಂತೋಷವಾಗಿ ಬಿಚ್ಚುತ್ತೇನೆ. ಮಡಿಕೇರಿ ಮಳೆಯಲ್ಲಿ ಬೇಡ.

ಲೈನ್‌ಮನೆ ಹೇಳಿದ್ದಕ್ಕೆ ಸೇರಿಸುತ್ತೇನೆ. ಎಷ್ಟೋ ಸಲ ಆರೋಪಿಯೂ ಅದೇ ಹಾಡಿಯ ಹುಡುಗ. ಅವನಿಗೂ ಏನು ನಡೆಯುತ್ತಿದೆ ಅಂತ ಅರ್ಥ ಆಗುವುದಿಲ್ಲ, ಅವನೂ ಚಿಕ್ಕಂದಿನಲ್ಲಿ ಪೆಟ್ಟು ತಿಂದೇ ಬೆಳೆದವನು. ಆಘಾತ ಅನ್ನುವುದು ಸಾಕ್ಷಿ ಕಟ್ಟೆಯಲ್ಲಿ ಮಾತ್ರ ಇರುತ್ತದೆ ಅಂದುಕೊಂಡರೆ ನಾನು ಒಪ್ಪುವುದಿಲ್ಲ. ಅನುವಾದಕರ ಪಟ್ಟಿ ಆದರೆ ಅವನಿಗೂ ಉಪಯೋಗ.


ಬೆಟ್ಟದ ನೆಲ್ಲಿ:

ಅದನ್ನು ನಾನು ಒಪ್ಪುತ್ತೇನೆ ಸರ್. ಆದರೆ ಮೊದಲು ವರಾಂಡದಲ್ಲಿ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸುವುದು ನಿಲ್ಲಲಿ. ಉಳಿದದ್ದು ಆಮೇಲೆ ಜಗಳ ಆಡೋಣ.


ಹಳೇ ಶಿರಸ್ತೇದಾರ:

ಕಿತ್ತಳೆಸಿಪ್ಪೆ ಅಮ್ಮ, ಅರ್ಜಿ ಹೇಗೆ ಅಂತ ನೀವು ಕೇಳುವ ಮುಂಚೆ ಬರೆಯುತ್ತೇನೆ. ಒಂದೇ ಹಾಳೆ ಸಾಕು. ಮೇಲೆ ಕೇಸಿನ ನಂಬರು, ಸಮನ್ಸಿನಲ್ಲಿರುವ ಚಿಕ್ಕಮ್ಮನ ಸಾಕ್ಷಿ ನಂಬರು, ವಾಯಿದೆ ದಿನಾಂಕ. ಕೆಳಗೆ ಬೇಕಾದದ್ದು: ದುರ್ಬಲ ಸಾಕ್ಷಿ ಅಂತ ಪರಿಗಣಿಸಬೇಕು, ದುರ್ಬಲ ಸಾಕ್ಷಿಗಳ ಕೇಂದ್ರದಿಂದ ಅಥವಾ ವಿಡಿಯೋ ಮೂಲಕ ಹೇಳಿಕೆ ಪಡೆಯಬೇಕು, ಜೊತೆಗೆ ಒಬ್ಬರು ಇರಲು ಬಿಡಬೇಕು, ಸಮಯ ನಿಗದಿ ಮಾಡಿ ಮೊದಲು ಕರೆಯಬೇಕು, ಮುದ್ದೆಮಾಲು ಹೇಳಿ ತೋರಿಸಬೇಕು. ಡಾಕ್ಟರ ಪತ್ರದ ನಕಲು ಹಿಂದೆ ಇಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಪಿ.ಪಿ. ಕಚೇರಿಯ ಸೀಲು ಸಹಿ ಹಾಕಿಸಿಕೊಳ್ಳಿ. ಬೆಳಿಗ್ಗೆ ಹತ್ತೂವರೆಗೆ ಹೋಗಬೇಡಿ, ಆಗ ಅವರಿಗೆ ತಲೆ ಎತ್ತಲು ಆಗುವುದಿಲ್ಲ. ಸಂಜೆ ಕೋರ್ಟ್ ಎದ್ದ ಮೇಲೆ ಹೋಗಿ, ಕೂತು ಮಾತಾಡುತ್ತಾರೆ. ಪೊಲೀಸರ ಮುಂದೆ ಚಿಕ್ಕಮ್ಮ ಕೊಟ್ಟ ಹೇಳಿಕೆಯಲ್ಲಿ ಏನಿದೆ ಅಂತ ಓದಿ ಹೇಳಲು ಅವತ್ತೇ ಕೇಳಿ.

ನಿಮ್ಮ ಪರ ಒಬ್ಬ ವಕೀಲರು ಬೇಕು ಅನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ನೋಡದೆ ಉಚಿತ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಪಿ.ಪಿ.ಗೆ ಸಹಾಯ ಮಾಡಲು ಸಂತ್ರಸ್ತರ ಕಡೆಯ ವಕೀಲರಿಗೆ ಕೋರ್ಟ್ ಅನುಮತಿ ಕೊಡಬಹುದು. ಚಿಕ್ಕಪ್ಪನ ಸಾವಿಗೆ ಪರಿಹಾರದ ಅರ್ಜಿಯನ್ನೂ ಅದೇ ಪ್ರಾಧಿಕಾರಕ್ಕೆ ಹಾಕಬೇಕು. ಹಾಕಿಲ್ಲದಿದ್ದರೆ ಕೇಳಿ ನೋಡಿ, ತೀರ್ಪು ಬರಲಿ ಅಂತ ಕಾಯುವ ಅಗತ್ಯ ಇಲ್ಲ.

ಸಾಕ್ಷಿ ಮುಗಿದ ಮೇಲೆ ಬತ್ತಾ ಕೇಳಿ ತೆಗೆದುಕೊಳ್ಳಿ. ಬಸ್ ಟಿಕೆಟ್ ಇಟ್ಟುಕೊಂಡಿರಿ. ಮೊತ್ತ ಜಾಸ್ತಿ ಇರುವುದಿಲ್ಲ, ಆದರೆ ಸರ್ಕಾರದ ಕೆಲಸಕ್ಕೆ ಬಂದ ಸಾಕ್ಷಿಯ ಹಕ್ಕು ಅದು, ಕೊಡುವಾಗ ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ.